ಎಸರಿಗೆ ಉಪ್ಪು ಹಾಕಿದಾಗ ಏನಾಗುತ್ತದೆ?

ಈ ಮೇಜಿನ ಮೇಲೆ ಎರಡು ಪಾತ್ರೆ ಇವೆ, ನೋಡಿ. ಎರಡೂ ಒಂದೇ ಅಳತೆಯವು. ಎರಡರಲ್ಲೂ ಒಂದೊಂದು ಲೀಟರ್ ನೀರು, ಒಂದೇ ನಲ್ಲಿಯಿಂದ ಹಿಡಿದದ್ದು. ಕೆಳಗೆ ಒಂದೇ ಥರದ ಎರಡು ಇಂಡಕ್ಷನ್ ಒಲೆ. ಎರಡನ್ನೂ 1000 ವ್ಯಾಟ್‌ಗೆ ಇಟ್ಟಿದ್ದೇನೆ. ನಿಮ್ಮ ಬಲಗಡೆಯ ಪಾತ್ರೆಗೆ 10 ಗ್ರಾಂ ಉಪ್ಪು ಹಾಕಿ ಕದಡುತ್ತಿದ್ದೇನೆ. ಅಂದರೆ ಒಂದೂವರೆ ಟೀ ಚಮಚಕ್ಕಿಂತ ತುಸು ಜಾಸ್ತಿ. ಎಡಗಡೆಯದರಲ್ಲಿ ಬರೀ ನೀರು. ಈಗ ಎರಡೂ ಒಲೆ ಶುರು ಮಾಡುತ್ತೇನೆ. ಯಾವುದು ಮೊದಲು ಕುದಿಯುತ್ತದೆ? ಕೈ ಎತ್ತಿ ನೋಡೋಣ.

ಉಪ್ಪು ಹಾಕಿದ್ದೇ ಬೇಗ ಅನ್ನುವವರು ಅರ್ಧಕ್ಕಿಂತ ಜಾಸ್ತಿ ಇದ್ದೀರಿ. ಇಲ್ಲ, ಉಪ್ಪು ಹಾಕಿದರೆ ತಡವಾಗುತ್ತದೆ, ಆದರೆ ನೀರು ಜಾಸ್ತಿ ಬಿಸಿಯಾಗುವುದರಿಂದ ಅಡುಗೆ ಬೇಗ ಬೇಯುತ್ತದೆ ಅನ್ನುವವರೂ ಇದ್ದೀರಿ. ಈ ಎರಡು ಮಾತನ್ನೂ ನಾನು ಚಿಕ್ಕಂದಿನಿಂದ ಕೇಳಿದ್ದೇನೆ. ಒಂದಕ್ಕೊಂದು ವಿರುದ್ಧವಾದ ಮಾತು, ಆದರೂ ಎರಡೂ ಅಡುಗೆಮನೆಯಲ್ಲಿ ಬಹಳ ವರ್ಷದಿಂದ ಉಳಿದುಕೊಂಡಿವೆ. ಹಾಗೆ ಉಳಿದಿವೆ ಅಂದರೆ ಯಾರೋ ಏನನ್ನೋ ಕಣ್ಣಾರೆ ನೋಡಿರಬೇಕು ಅಲ್ವಾ? ಅವರು ನೋಡಿದ್ದು ಏನು ಅನ್ನುವುದನ್ನು ಇವತ್ತು ಹುಡುಕೋಣ. ನೀರು ಕಾಯಲು ಆರೇಳು ನಿಮಿಷ ಬೇಕು. ಅಷ್ಟರಲ್ಲಿ ಕುದಿಯುವುದು ಅಂದರೆ ಏನು ಅಂತ ನೋಡಿಬಿಡೋಣ.

ಒದ್ದೆ ಬಟ್ಟೆ ಒಣಗಲು ಅದನ್ನು ಕುದಿಸಬೇಕಿಲ್ಲ. ನೀರಿನ ಕಣಗಳು ಎಲ್ಲ ಹೊತ್ತಿನಲ್ಲೂ ಮೇಲ್ಮೈಯಿಂದ ಗಾಳಿಗೆ ಹಾರುತ್ತಲೇ ಇರುತ್ತವೆ. ಬಿಸಿ ಏರಿದಷ್ಟೂ ಜಾಸ್ತಿ ಹಾರುತ್ತವೆ. ಹಾಗೆ ಹಾರಲು ಹೊರಟ ಆವಿಗೆ ಒಂದು ಒತ್ತಡ ಇರುತ್ತದೆ. ಅದಕ್ಕೆ ಎದುರಾಗಿ ಮೇಲಿಂದ ಗಾಳಿ ಒತ್ತುತ್ತಿರುತ್ತದೆ. ಗಾಳಿ ಹಗುರ ಅಂತ ನಾವು ಅಂದುಕೊಂಡಿರುತ್ತೇವೆ. ಸಮುದ್ರಮಟ್ಟದಲ್ಲಿ ಒಂದೊಂದು ಚದರ ಸೆಂಟಿಮೀಟರ್ ಮೇಲೂ ಸುಮಾರು ಒಂದು ಕಿಲೋ ತೂಕದಷ್ಟು ಗಾಳಿ ಕೂತಿರುತ್ತದೆ. ಪಾತ್ರೆಯ ತಳದಲ್ಲಿ ಒಂದು ಆವಿಗುಳ್ಳೆ ಹುಟ್ಟಿ ಬದುಕಬೇಕಾದರೆ ಅದು ಈ ಭಾರವನ್ನು ತಡೆದು ನಿಲ್ಲಬೇಕು. ಆವಿಯ ಒತ್ತಡ ಗಾಳಿಯ ಒತ್ತಡಕ್ಕೆ ಸಮ ಆದ ಕ್ಷಣ ಗುಳ್ಳೆ ನಿಲ್ಲುತ್ತದೆ, ಮೇಲೆ ಬರುತ್ತದೆ, ಒಡೆಯುತ್ತದೆ. ಅದೇ ಕುದಿ.

ಮುಂದಿನ ಸಾಲಿನವರು ಸ್ವಲ್ಪ ಬಗ್ಗಿ ನೋಡಿ. ಪಾತ್ರೆಯ ಗೋಡೆಗೆ ಸಾಸಿವೆಗಿಂತ ಸಣ್ಣ ಗುಳ್ಳೆಗಳು ಅಂಟಿಕೊಂಡಿವೆ. ಇದು ಆವಿಯಲ್ಲ. ನೀರಿನಲ್ಲಿ ಕರಗಿದ್ದ ಗಾಳಿ. ಬಿಸಿ ನೀರಿನಲ್ಲಿ ಗಾಳಿ ಅಷ್ಟಾಗಿ ಕರಗಿ ಉಳಿಯುವುದಿಲ್ಲ, ಹೊರಗೆ ಬರುತ್ತದೆ. ಈಗ ಮೈಕ್ ಪಾತ್ರೆಯ ಹತ್ತಿರ ಹಿಡಿಯುತ್ತೇನೆ, ಕೇಳಿ. ಗುಂಯ್ ಅಂತ ಒಂದು ಸದ್ದು ಬರುತ್ತಿದೆ, ಅಲ್ವಾ? ತಳದಲ್ಲಿ ನೀರು ಆಗಲೇ ಕುದಿಯುವಷ್ಟು ಕಾದಿದೆ. ಅಲ್ಲಿ ಆವಿಗುಳ್ಳೆ ಹುಟ್ಟುತ್ತಿದೆ. ಆದರೆ ಮೇಲಿನ ನೀರು ಇನ್ನೂ ಅಷ್ಟು ಬಿಸಿಯಾಗಿಲ್ಲ. ಗುಳ್ಳೆ ಮೇಲೇರುತ್ತಿದ್ದ ಹಾಗೇ ತಣಿದು ಕುಸಿದುಬೀಳುತ್ತದೆ. ಸಾವಿರಾರು ಗುಳ್ಳೆಗಳು ಹೀಗೆ ಕುಸಿಯುವ ಸದ್ದು ಇದು. ಇನ್ನು ಒಂದೆರಡು ನಿಮಿಷದಲ್ಲಿ ಮೇಲಿನ ನೀರೂ ಕಾಯುತ್ತದೆ. ಆಗ ಗುಳ್ಳೆಗಳು ಕುಸಿಯದೆ ಮೇಲಿನ ತನಕ ಬಂದು ಒಡೆಯುತ್ತವೆ. ಸದ್ದು ದಪ್ಪಗಾಗಿ ತಗ್ಗುತ್ತದೆ. ನನ್ನ ಅಮ್ಮ ಒಲೆಗೆ ಬೆನ್ನು ಹಾಕಿ ತರಕಾರಿ ಹೆಚ್ಚುತ್ತಾ ಕೂತಿದ್ದರೂ, ಈ ಸದ್ದು ತಗ್ಗಿದ ಕೂಡಲೇ "ಎಸರು ಬಂತು, ಅಕ್ಕಿ ಹಾಕು" ಅನ್ನುತ್ತಿದ್ದರು. ತಿರುಗಿ ನೋಡುತ್ತಿರಲಿಲ್ಲ. ಆಗ ಅದು ಅಭ್ಯಾಸ ಅಂತ ಅಂದುಕೊಂಡಿದ್ದೆ. ಅವರು ಗುಳ್ಳೆ ಕುಸಿಯುವುದು ನಿಂತದ್ದನ್ನು ಕಿವಿಯಿಂದ ಗುರುತಿಸುತ್ತಿದ್ದರು ಅಂತ ಗೊತ್ತಾಗಿದ್ದು ಎಷ್ಟೋ ವರ್ಷದ ಮೇಲೆ.

ಕುದಿಯುವುದಕ್ಕೆ ಗಾಳಿಯ ಒತ್ತಡವೇ ಎದುರಾಳಿ ಅಂದಮೇಲೆ, ಆ ಒತ್ತಡ ಬದಲಾದರೆ ಕುದಿಯುವ ಬಿಸಿಯೂ ಬದಲಾಗಬೇಕು. ನಾವೆಲ್ಲ ಶಾಲೆಯಲ್ಲಿ ನೀರು 100 ಡಿಗ್ರಿಗೆ ಕುದಿಯುತ್ತದೆ ಅಂತ ಓದಿದ್ದೇವೆ. ಆಂಡರ್ಸ್ ಸೆಲ್ಸಿಯಸ್ 1742ರಲ್ಲಿ ತನ್ನ ಅಳತೆಯನ್ನು ಮುಂದಿಟ್ಟಾಗ ಅದು ತಲೆಕೆಳಗಾಗಿತ್ತು. ನೀರು ಕುದಿಯುವುದು 0, ಹೆಪ್ಪುಗಟ್ಟುವುದು 100. ಆಮೇಲೆ ಅದನ್ನು ತಿರುಗಿಸಿದರು. ಆದರೆ ಗಾಳಿಯ ಒತ್ತಡ ಬದಲಾದರೆ ಕುದಿಯುವ ಗೆರೆ ಜಾರುತ್ತದೆ ಅನ್ನುವುದು ಸೆಲ್ಸಿಯಸ್‌ಗೆ ಚೆನ್ನಾಗಿ ಗೊತ್ತಿತ್ತು. 100 ಅನ್ನುವುದು ಸಮುದ್ರಮಟ್ಟದ ಲೆಕ್ಕ. ಮೇಲೇರಿದಂತೆ ಸುಮಾರು 300 ಮೀಟರ್‌ಗೆ ಒಂದು ಡಿಗ್ರಿ ಇಳಿಯುತ್ತದೆ. 1500 ಮೀಟರ್ ಎತ್ತರದ ಊರಿನಲ್ಲಿ ನೀರು 95 ಡಿಗ್ರಿಗೇ ಕುದಿಯುತ್ತದೆ. 3000 ಮೀಟರ್‌ನಲ್ಲಿ 90. ಎವರೆಸ್ಟ್ ತುದಿಯಲ್ಲಿ ಸುಮಾರು 70.

1835ರಲ್ಲಿ ಚಾರ್ಲ್ಸ್ ಡಾರ್ವಿನ್ ಆಂಡೀಸ್ ಪರ್ವತ ದಾಟುತ್ತಿದ್ದಾಗ ಒಂದು ರಾತ್ರಿ ಆಲೂಗಡ್ಡೆ ಬೇಯಲು ಇಟ್ಟರು. ಕೆಲವು ಗಂಟೆ ಕುದಿಸಿದರೂ ಬೇಯಲಿಲ್ಲ. ಪಾತ್ರೆಯನ್ನು ರಾತ್ರಿಯಿಡೀ ಬೆಂಕಿಯ ಮೇಲೇ ಬಿಟ್ಟರು. ಬೆಳಿಗ್ಗೆ ಮತ್ತೆ ಕುದಿಸಿದರು. ಆಗಲೂ ಗಟ್ಟಿಯಾಗೇ ಇತ್ತು. ಜೊತೆಗಿದ್ದ ಇಬ್ಬರು ಸೇರಿ, ಪಾತ್ರೆ ಹೊಸದು, ಅದಕ್ಕೆ ಆಲೂಗಡ್ಡೆ ಬೇಯಿಸಲು ಇಷ್ಟವಿಲ್ಲ ಅಂತ ತೀರ್ಮಾನ ಮಾಡಿದ್ದನ್ನು ಡಾರ್ವಿನ್ ಕೇಳಿಸಿಕೊಂಡು ಬರೆದಿಟ್ಟಿದ್ದಾರೆ. ಆ ಇಬ್ಬರ ಬಗ್ಗೆ ನನಗೆ ಪ್ರೀತಿ ಇದೆ. ಕಣ್ಣ ಮುಂದೆ ನೀರು ಕೊತಕೊತ ಕುದಿಯುತ್ತಿದೆ, ಒಳಗಿನದು ಬೇಯುತ್ತಿಲ್ಲ. ಹಾಗಿದ್ದಾಗ ಪಾತ್ರೆಯನ್ನಲ್ಲದೆ ಇನ್ನಾರನ್ನು ದೂರುತ್ತೀರಿ? ಆಲೂಗಡ್ಡೆಯ ಜೀವಕೋಶಗಳನ್ನು ಒಂದಕ್ಕೊಂದು ಅಂಟಿಸಿರುವ ಪೆಕ್ಟಿನ್ ಅನ್ನುವ ಅಂಟು ಸಡಿಲವಾಗಲು ಹೆಚ್ಚುಕಮ್ಮಿ 85 ಡಿಗ್ರಿಗಿಂತ ಮೇಲೆ ಹೋಗಬೇಕು. ಅಲ್ಲಿಂದ ಮುಂದೆ ಒಂದೊಂದು ಡಿಗ್ರಿಗೂ ಬೇಗ ಬೇಗ ಸಡಿಲವಾಗುತ್ತದೆ. ಆ ಎತ್ತರದಲ್ಲಿ ಕುದಿಯುವ ನೀರು ಈ ಗೆರೆಯನ್ನು ತುಸುವೇ ದಾಟುತ್ತದೆ, ಹಾಗಾಗಿ ಅಂಟು ಸಡಿಲವಾಗುವುದು ಬಹಳ ನಿಧಾನ. ಕುದಿಯುವುದು ಬೇರೆ, ಬೇಯುವುದು ಬೇರೆ. ನಮ್ಮ ಭಾಷೆಯಲ್ಲಿ ಇವೆರಡಕ್ಕೂ ಬೇರೆ ಬೇರೆ ಮಾತಿದೆ, ಎಷ್ಟು ಒಳ್ಳೆಯದು ನೋಡಿ.

ಈಗ ಪಾತ್ರೆಗಳನ್ನು ನೋಡಿ. ಎರಡೂ ಬಂದವು. ಎಡಗಡೆಯದು ಮೊದಲೋ ಬಲಗಡೆಯದು ಮೊದಲೋ ಅಂತ ನಿಮ್ಮಲ್ಲಿ ಯಾರಿಗಾದರೂ ಖಚಿತವಾಗಿ ಹೇಳಲು ಆಯಿತಾ? ನನಗೂ ಆಗಲಿಲ್ಲ. ಥರ್ಮಾಮೀಟರ್ ಎರಡರಲ್ಲೂ ಇಳಿಬಿಟ್ಟಿದ್ದೇನೆ. ಎರಡೂ ಒಂದೇ ಗೆರೆಯ ಮೇಲೆ ನಿಂತಿವೆ. ವ್ಯತ್ಯಾಸ ಇಲ್ಲವೇ ಇಲ್ಲ ಅಂತಲ್ಲ. ಇದೆ. ಆದರೆ ಈ ಥರ್ಮಾಮೀಟರ್‌ಗೆ ಕಾಣುವಷ್ಟಿಲ್ಲ.

ಉಪ್ಪು ನೀರಿಗೆ ಬಿದ್ದರೆ ಒಂದು ಕಣ ಎರಡಾಗಿ ಒಡೆಯುತ್ತದೆ, ಸೋಡಿಯಂ ಒಂದು, ಕ್ಲೋರೈಡ್ ಒಂದು. ಇವು ಆವಿಯಾಗಿ ಹಾರುವುದಿಲ್ಲ. ಸುಮ್ನೆ ನೀರಿನ ನಡುವೆ ಜಾಗ ಹಿಡಿದುಕೊಂಡು, ನೀರಿನ ಕಣಗಳನ್ನು ತಮ್ಮ ಸುತ್ತ ಇಟ್ಟುಕೊಂಡು ಕೂರುತ್ತವೆ. ಹಾಗಾಗಿ ಹಾರಿಹೋಗುವ ನೀರು ಸ್ವಲ್ಪ ಕಡಿಮೆಯಾಗುತ್ತದೆ, ಆವಿಯ ಒತ್ತಡ ಸ್ವಲ್ಪ ತಗ್ಗುತ್ತದೆ. ಗಾಳಿಗೆ ಸಮ ಆಗಲು ಇನ್ನೊಂಚೂರು ಬಿಸಿ ಬೇಕು. ಫ್ರಾನ್ಸಿನ ಫ್ರಾಂಸ್ವಾ ರೌಲ್ಟ್ 1880ರ ದಶಕದಲ್ಲಿ ಇದರ ಲೆಕ್ಕವನ್ನು ಕಂಡುಕೊಟ್ಟರು. ಕರಗಿದ್ದು ಯಾವ ವಸ್ತು ಅನ್ನುವುದಕ್ಕಿಂತ ಎಷ್ಟು ಕಣ ಅನ್ನುವುದೇ ಮುಖ್ಯ.

ಆ ಲೆಕ್ಕವನ್ನು ನಮ್ಮ ಪಾತ್ರೆಗೆ ಹಚ್ಚೋಣ. ಒಂದು ಲೀಟರ್‌ಗೆ 10 ಗ್ರಾಂ ಉಪ್ಪು ಹಾಕಿದರೆ ಕುದಿಯುವ ಬಿಸಿ ಏರುವುದು 0.17 ಡಿಗ್ರಿ. ಪೂರ್ತಿ ಒಂದು ಡಿಗ್ರಿಯೂ ಅಲ್ಲ, ಅದರ ಆರನೇ ಒಂದು ಪಾಲು. ಎತ್ತರದ ಭಾಷೆಯಲ್ಲಿ ಹೇಳುವುದಾದರೆ 50 ಮೀಟರ್. ಹದಿನಾರನೇ ಮಹಡಿಯ ಅಡುಗೆಮನೆಯಿಂದ ನೆಲಮಹಡಿಗೆ ಪಾತ್ರೆ ಹೊತ್ತುಕೊಂಡು ಬಂದರೆ ಎಷ್ಟು ವ್ಯತ್ಯಾಸವೋ ಅಷ್ಟು. ಮೋಡ ಕವಿದು ಗಾಳಿಯ ಒತ್ತಡ 20 ಹೆಕ್ಟೋಪಾಸ್ಕಲ್ ಇಳಿದ ದಿನ ಕುದಿಯುವ ಬಿಸಿ ಅರ್ಧ ಡಿಗ್ರಿಗಿಂತ ಜಾಸ್ತಿ ಇಳಿಯುತ್ತದೆ. ಅಂದರೆ ಉಪ್ಪು ಏರಿಸಿದ್ದರ ಮೂರು ಪಟ್ಟನ್ನು ಒಂದು ಮಳೆಮೋಡ ಇಳಿಸಿಬಿಡುತ್ತದೆ. ನಾವ್ಯಾರೂ ಮೋಡ ನೋಡಿಕೊಂಡು ಅನ್ನಕ್ಕೆ ಇಡುವುದಿಲ್ಲ ಅಲ್ವಾ?

ಸಮಯದ ಲೆಕ್ಕವೂ ಹಾಗೇ. ಉಪ್ಪು ಕರಗುವಾಗ ನೀರಿನಿಂದ ಸ್ವಲ್ಪ ಬಿಸಿ ಹೀರಿಕೊಳ್ಳುತ್ತದೆ. ಅದನ್ನೂ ಸೇರಿಸಿದರೆ, ಇಂಥ ಒಲೆಯ ಮೇಲೆ ಆಗುವ ತಡ ಎರಡು ಸೆಕೆಂಡಿಗಿಂತ ಕಡಿಮೆ. ಒಂದು ಲೀಟರ್ ನೀರನ್ನು ಪೂರ್ತಿ ಒಂದು ಡಿಗ್ರಿ ಏರಿಸಬೇಕು ಅಂದರೆ ಸುಮಾರು 57 ಗ್ರಾಂ ಉಪ್ಪು ಸುರಿಯಬೇಕು. ಸಮುದ್ರದ ನೀರಿನಲ್ಲಿ ಲೀಟರ್‌ಗೆ 35 ಗ್ರಾಂ ಇರುತ್ತದೆ, ಅದನ್ನೇ ಬಾಯಿಗಿಡಲು ಆಗುವುದಿಲ್ಲ. ಇನ್ನು ಕರಗುವುದೇ ಇಲ್ಲ ಅನ್ನುವಷ್ಟು ಉಪ್ಪು ತುಂಬಿದರೆ ನೀರು ಸುಮಾರು 108 ಡಿಗ್ರಿಗೆ ಕುದಿಯುತ್ತದೆ. ಅಲ್ಲಿಗೆ ಅದು ಅಡುಗೆಯಾಗಿ ಉಳಿದಿರುವುದಿಲ್ಲ.

ಹಾಗಾದರೆ ಉಪ್ಪು ಹಾಕಿದರೆ ಬೇಗ ಕುದಿಯುತ್ತದೆ ಅಂದವರು ನೋಡಿದ್ದೇನು? ಅದನ್ನು ಈಗ ತೋರಿಸುತ್ತೇನೆ. ಎಡಗಡೆಯ ಪಾತ್ರೆಯ ಒಲೆಯನ್ನು ಸ್ವಲ್ಪ ತಗ್ಗಿಸುತ್ತೇನೆ, ಕುದಿ ನಿಲ್ಲಲಿ. ನಿಂತಿತು. ನೀರಿನ ಮೇಲೆ ಒಂದೆರಡು ಗುಳ್ಳೆ ಮಾತ್ರ. ಈಗ ಒಂದು ಟೀ ಚಮಚ ಉಪ್ಪು, ಸಮಕ್ಕೆ ಒರೆಸಿದ್ದು, ಸುಮಾರು 6 ಗ್ರಾಂ. ಹಾಕುತ್ತಿದ್ದೇನೆ. ಭುಸ್ ಅಂತ ಬಂತಲ್ಲ! ಇದನ್ನು ಒಂದು ಸಲ ನೋಡಿದವರು "ಉಪ್ಪು ಹಾಕಿದ ಕೂಡಲೇ ಕುದಿಯಿತು" ಅಂದರೆ ಅವರ ತಪ್ಪೇನೂ ಇಲ್ಲ. ಕಣ್ಣಿಗೆ ಕಂಡದ್ದು ಅದೇ.

ಆದರೆ ಎಣಿಸಿ. ಒಂದು, ಎರಡು, ಮೂರು, ನಾಲ್ಕು. ಅಡಗಿತು. ಆವಿಗುಳ್ಳೆ ಸುಮ್ನೆ ನೀರಿನ ನಡುವೆ ಹುಟ್ಟುವುದಿಲ್ಲ. ಹುಟ್ಟಲು ಒಂದು ನೆಲೆ ಬೇಕು. ಪಾತ್ರೆಯ ಗೀರು, ಒರಟು ಜಾಗ, ಗಾಳಿ ಅಡಗಿದ ಸಣ್ಣ ಸಂದು ಹೀಗೆ. ಉಪ್ಪಿನ ಹರಳಿನ ಮೈಯಲ್ಲಿ, ಹರಳು ಹರಳಿನ ನಡುವೆ ಅಂಥ ಗಾಳಿ ಬೇಕಾದಷ್ಟಿದೆ. ಕುದಿಯುವ ಅಂಚಿನಲ್ಲಿದ್ದ ನೀರಿಗೆ ಒಮ್ಮೆಲೇ ಸಾವಿರಾರು ನೆಲೆ ಸಿಕ್ಕಿತು, ಎಲ್ಲ ಗುಳ್ಳೆಯೂ ಒಟ್ಟಿಗೆ ಎದ್ದಿತು. ಹರಳು ಕರಗಿತು, ನೆಲೆಯೂ ಹೋಯಿತು. ಸಕ್ಕರೆ ಹಾಕಿದರೂ ಹೀಗೇ ಆಗುತ್ತದೆ. ತೊಳೆದ ಮರಳು ಹಾಕಿದರೂ ಆಗುತ್ತದೆ, ಮರಳಂತೂ ಕರಗುವುದೇ ಇಲ್ಲ. ಇದರಲ್ಲಿ ಉಪ್ಪಿನ ಗುಣದ ಮಾತೇ ಇಲ್ಲ, ಹರಳಿನ ಮೈಯದ್ದೇ ಕೆಲಸ.

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ನಯವಾದ ಗಾಜಿನ ಲೋಟದಲ್ಲಿ ನೀರಿಟ್ಟು ಮೈಕ್ರೋವೇವ್‌ನಲ್ಲಿ ಕಾಯಿಸುತ್ತೀರಲ್ಲ, ಅಲ್ಲಿ ಗುಳ್ಳೆಗೆ ನೆಲೆಯೇ ಸಿಗುವುದಿಲ್ಲ. ನೀರು ಕುದಿಯುವ ಬಿಸಿಯನ್ನು ದಾಟಿ ಹೋಗಿರುತ್ತದೆ, ಆದರೂ ಮೇಲೆ ಕನ್ನಡಿಯ ಹಾಗೆ ಶಾಂತವಾಗಿರುತ್ತದೆ. ಅದಕ್ಕೆ ಚಮಚವನ್ನೋ ಪುಡಿಯನ್ನೋ ಹಾಕಿದ ಕೂಡಲೇ ಲೋಟದ ನೀರು ಒಮ್ಮೆಲೇ ಸಿಡಿದು ಮುಖಕ್ಕೆ, ಕೈಗೆ ಬೀಳಬಹುದು. ಹಾಗೆ ಸುಟ್ಟುಕೊಂಡವರನ್ನು ನಾನು ನೋಡಿದ್ದೇನೆ. ಕಾಯಿಸುವ ಮೊದಲೇ ಲೋಟದೊಳಗೆ ಒಂದು ಮರದ ಕಡ್ಡಿ ಇಡಿ. ಹೊರತೆಗೆಯುವ ಮುಂಚೆ ಅರ್ಧ ನಿಮಿಷ ಬಿಡಿ. ದಯವಿಟ್ಟು ಇದನ್ನು ಮನೆಯ ಮಕ್ಕಳಿಗೂ ಹೇಳಿ.

ಈಗ ಒಂದು ಕೆಲಸ ಮಾಡುತ್ತೇನೆ. ಬಲಗಡೆಯ ಪಾತ್ರೆಗೆ ಮುಚ್ಚಳ ಹಾಕಿ, ಒಲೆಯನ್ನು ಅತಿ ಕಡಿಮೆಗೆ ಇಳಿಸುತ್ತೇನೆ. ಎಡಗಡೆಯದನ್ನು ಮುಚ್ಚಳ ಇಲ್ಲದೆ, ಮತ್ತೆ 1000 ವ್ಯಾಟ್‌ನಲ್ಲಿ ಹಾಗೇ ಬಿಡುತ್ತೇನೆ. ಕೊನೆಯಲ್ಲಿ ನೋಡೋಣ.

ಸಕ್ಕರೆಯ ಮಾತು ಬಂತಲ್ಲ, ಅದನ್ನು ಸ್ವಲ್ಪ ಮುಂದುವರಿಸುತ್ತೇನೆ. ಸಕ್ಕರೆಯ ಕಣ ದೊಡ್ಡದು, ಭಾರ. ನೀರಿನಲ್ಲಿ ಎರಡಾಗಿ ಒಡೆಯುವುದೂ ಇಲ್ಲ. ಅದೇ ತೂಕದ ಉಪ್ಪಿಗೆ ಹೋಲಿಸಿದರೆ ಅದರ ಪರಿಣಾಮ ಹನ್ನೆರಡನೇ ಒಂದು ಪಾಲು. ಒಂದು ಲೀಟರ್ ನೀರಿನ ಕುದಿಯುವ ಬಿಸಿ ಒಂದು ಡಿಗ್ರಿ ಏರಲು ಹೆಚ್ಚುಕಮ್ಮಿ 670 ಗ್ರಾಂ ಸಕ್ಕರೆ ಬೇಕು. ಅಷ್ಟು ಸಕ್ಕರೆ ಯಾರು ಹಾಕುತ್ತಾರೆ ಅಂತೀರಾ? ಪಾಕ ಮಾಡುವವರು ಹಾಕುತ್ತಾರೆ! ಉಪ್ಪಿನಲ್ಲಿ ಲೆಕ್ಕಕ್ಕೆ ಬಾರದ ಸಂಗತಿ ಪಾಕದಲ್ಲಿ ಎಲ್ಲವೂ ಆಗಿಬಿಡುತ್ತದೆ. ಪಾಕ ಕುದಿಯುತ್ತಿದ್ದ ಹಾಗೇ ನೀರು ಹಾರಿಹೋಗುತ್ತದೆ, ಸಕ್ಕರೆ ಉಳಿಯುತ್ತದೆ, ಕುದಿಯುವ ಬಿಸಿ ಏರುತ್ತಲೇ ಹೋಗುತ್ತದೆ. ಹಣ್ಣಿನ ಜಾಮ್ ಸುಮಾರು 105 ಡಿಗ್ರಿಯಲ್ಲಿ ಹದಕ್ಕೆ ಬರುತ್ತದೆ. 112ರಿಂದ 116ರ ನಡುವೆ ಇಳಿಸಿದ ಪಾಕವನ್ನು ತಣ್ಣೀರಿಗೆ ಬಿಟ್ಟರೆ ಮೆತ್ತನೆಯ ಉಂಡೆ ಕಟ್ಟುತ್ತದೆ. 150ರ ಹತ್ತಿರ ಹೋದರೆ ಗಾಜಿನ ಹಾಗೆ ಮುರಿಯುತ್ತದೆ. ಬೆರಳ ನಡುವೆ ಎಳೆ ಬರುತ್ತಾ ಅಂತ ನೋಡುವವರು ನಿಜವಾಗಿ ನೋಡುತ್ತಿರುವುದು ಪಾಕದ ಬಿಸಿಯನ್ನು, ಅದರಿಂದ ಉಳಿದ ನೀರನ್ನು. ಥರ್ಮಾಮೀಟರ್ ಇಲ್ಲದ ಕಾಲದಲ್ಲಿ ಬೆರಳಿನಿಂದ ಡಿಗ್ರಿ ಓದಿದವರು ಅವರು.

ಇನ್ನು ನನ್ನ ಮನಸ್ಸಿಗೆ ತೀರಾ ಹತ್ತಿರವಾದ ವಿಷಯ. ಉರಿ. ಉಪ್ಪಿನ ಬಗ್ಗೆ ಇಷ್ಟೆಲ್ಲ ಚರ್ಚೆ ಮಾಡುವ ನಾವು ಉರಿಯ ಬಗ್ಗೆ ಯೋಚಿಸುವುದೇ ಇಲ್ಲ. ನೀರು ಕುದಿಯಲು ಶುರುವಾದ ಮೇಲೆ ಉರಿ ದೊಡ್ಡದು ಮಾಡಿದರೆ ನೀರು ಇನ್ನೂ ಬಿಸಿಯಾಗುತ್ತದೆ ಅಂತ ಬಹಳ ಜನ ನಂಬಿದ್ದಾರೆ. ಆಗುವುದಿಲ್ಲ. ಎಡಗಡೆ ಪಾತ್ರೆಯ ಥರ್ಮಾಮೀಟರ್ ನೋಡಿ, ಆಗ ಇದ್ದ ಗೆರೆಯಲ್ಲೇ ಇದೆ. ಹಾಗಾದರೆ ನಾವು ಕೊಡುತ್ತಿರುವ ಬಿಸಿ ಎಲ್ಲಿಗೆ ಹೋಗುತ್ತಿದೆ? ಅಗೋ, ಆ ಹಬೆಗೆ. ಒಂದು ಲೀಟರ್ ನೀರನ್ನು 20 ಡಿಗ್ರಿಯಿಂದ 100ಕ್ಕೆ ಏರಿಸಲು ಸುಮಾರು 335 ಕಿಲೋಜೂಲ್ ಸಾಕು. ಅದೇ ನೀರನ್ನು ಪೂರ್ತಿ ಆವಿ ಮಾಡಲು 2257 ಕಿಲೋಜೂಲ್ ಬೇಕು. ಆರು ಪಟ್ಟಿಗಿಂತ ಜಾಸ್ತಿ! ಜೋಸೆಫ್ ಬ್ಲ್ಯಾಕ್ ಅನ್ನುವವರು 1760ರ ದಶಕದಲ್ಲಿ ಇದನ್ನು ಗ್ಲಾಸ್ಗೋದಲ್ಲಿ ಅಳೆದು ನೋಡಿದರು. ಥರ್ಮಾಮೀಟರ್‌ಗೆ ಕಾಣದೆ ಆವಿಯೊಳಗೆ ಅಡಗುವ ಬಿಸಿ ಅದು. ಅದಕ್ಕೇ ಅದನ್ನು ಗುಪ್ತೋಷ್ಣ ಅನ್ನುತ್ತಾರೆ.

ಕೊತಕೊತ ಕುದಿಯುವ ನೀರೂ, ಸಣ್ಣಗೆ ಮರಳುವ ನೀರೂ ಹೆಚ್ಚುಕಮ್ಮಿ ಒಂದೇ ಬಿಸಿ. ಒಳಗಿರುವ ಕಾಳಿಗೆ, ಗೆಡ್ಡೆಗೆ ಎರಡೂ ಒಂದೇ. ಒಮ್ಮೆ ಕುದಿ ಬಂದ ಮೇಲೆ ಉರಿ ಇಳಿಸಿ, ಮುಚ್ಚಳ ಹಾಕಿದರೆ ಅಡುಗೆ ಒಂದು ನಿಮಿಷವೂ ತಡವಾಗುವುದಿಲ್ಲ ಅನ್ನಬಹುದು. ಉಳಿಯುವ ಉರುವಲು ಮಾತ್ರ ಬಹಳ. ಇದನ್ನು ಕೌಂಟ್ ರಮ್‌ಫೋರ್ಡ್ ಇನ್ನೂರು ವರ್ಷಕ್ಕೂ ಹಿಂದೆಯೇ ಬರೆದರು. ಜೋರಾಗಿ ಕುದಿಸುವುದರಿಂದ ಅಡುಗೆ ಬೇಗ ಆಗುವುದಿಲ್ಲ, ಉರುವಲು ಮಾತ್ರ ಹಾಳು ಅಂತ. ಸೌದೆ ಹೊತ್ತು ತಂದು ಅಡುಗೆ ಮಾಡುವವರ ಬೆನ್ನು ನೆನಪಾದಾಗಲೆಲ್ಲ ಈ ಮಾತು ಮನೆಮನೆಗೂ ತಲುಪಬೇಕಿತ್ತು ಅಂತ ನನಗೆ ಅನ್ನಿಸುತ್ತದೆ.

ದೊಡ್ಡ ಉರಿಗೆ ಕೆಲಸವೇ ಇಲ್ಲ ಅಂತಲ್ಲ. ತಣ್ಣನೆಯ ತರಕಾರಿ ಸುರಿದಾಗ ಕುದಿ ಬೀಳುತ್ತದೆ, ಅದನ್ನು ಮತ್ತೆ ಎಬ್ಬಿಸಲು ಬೇಕು. ನೀರು ಬತ್ತಿಸಿ ಗಟ್ಟಿ ಮಾಡಲು ಬೇಕು. ಒಂದಕ್ಕೊಂದು ಅಂಟುವಂಥದ್ದು ಹಾಕಿದರೆ ಹೊರಳಾಡಿಸಲು ಬೇಕು. ಅಷ್ಟೇ.

ನೀರನ್ನು 100 ಡಿಗ್ರಿಗಿಂತ ಬಿಸಿ ಮಾಡಲೇಬೇಕು ಅಂದರೆ ಮಾಡಬೇಕಾದ್ದು ಒತ್ತಡ ಏರಿಸುವುದು. ಡೆನಿ ಪಾಪಿನ್ 1679ರಲ್ಲಿ ಮುಚ್ಚಳ ಬಿಗಿದ ಪಾತ್ರೆಯೊಂದನ್ನು ತೋರಿಸಿದರು. ಲಂಡನ್ನಿನ ರಾಯಲ್ ಸೊಸೈಟಿಯ ಸದಸ್ಯರಿಗೆ 1682ರಲ್ಲಿ ಅದರಲ್ಲೇ ಮೀನು, ಮಾಂಸ ಬೇಯಿಸಿ ಊಟ ಹಾಕಿದರು. ಮೂಳೆ ಕೂಡ ಮೆತ್ತಗಾಗುತ್ತಿತ್ತು. ಇವತ್ತಿನ ಪ್ರೆಶರ್ ಕುಕ್ಕರ್ ಅದರ ಮೊಮ್ಮಗ. ಹೊರಗಿನ ಒತ್ತಡದ ಎರಡು ಪಟ್ಟು ಒತ್ತಡ ಒಳಗೆ ಇದ್ದರೆ ನೀರು ಸುಮಾರು 121 ಡಿಗ್ರಿಗೆ ಏರುತ್ತದೆ. ಉಪ್ಪಿನ 0.17 ಎಲ್ಲಿ, ಮುಚ್ಚಳದ 21 ಎಲ್ಲಿ!

ಹಾಗಾದರೆ ಉಪ್ಪು ಏನೂ ಮಾಡುವುದಿಲ್ಲವಾ? ಮಾಡುತ್ತದೆ, ಬಹಳ ಮಾಡುತ್ತದೆ. ನಾವು ನೀರನ್ನು ನೋಡುತ್ತಾ ಕೂತಿದ್ದೇವೆ, ಅದು ಕೆಲಸ ಮಾಡುವುದು ಕಾಳಿನೊಳಗೆ. ಉಪ್ಪು ಹಾಕಿದರೆ ಕಾಳು ಬೇಯುವುದಿಲ್ಲ, ಬೆಂದ ಮೇಲೇ ಹಾಕಬೇಕು ಅಂತ ನಾನು ಎಷ್ಟೋ ವರ್ಷ ನಂಬಿದ್ದೆ. ಆಗ ಹೇಳಿದ ಪೆಕ್ಟಿನ್ ನೆನಪಿದೆಯಾ? ಕಾಳಿನ ಸಿಪ್ಪೆಯಲ್ಲಿ ಆ ಪೆಕ್ಟಿನ್ ಎಳೆಗಳನ್ನು ಕ್ಯಾಲ್ಸಿಯಂ, ಮೆಗ್ನೀಸಿಯಂ ಗಂಟು ಹಾಕಿದ ಹಾಗೆ ಹಿಡಿದಿರುತ್ತವೆ. ನೆನೆಹಾಕುವ ನೀರಿಗೆ ಉಪ್ಪು ಹಾಕಿದರೆ ಸೋಡಿಯಂ ಒಳಗೆ ಹೋಗಿ ಆ ಜಾಗ ಹಿಡಿಯುತ್ತದೆ. ಸೋಡಿಯಂಗೆ ಎರಡು ಎಳೆಯನ್ನು ಸೇರಿಸಿ ಹಿಡಿಯುವ ಶಕ್ತಿ ಇಲ್ಲ. ಗಂಟು ಸಡಿಲ, ಸಿಪ್ಪೆ ಮೆತ್ತಗೆ. ಲೀಟರ್‌ಗೆ 15 ಗ್ರಾಂನಷ್ಟು ಉಪ್ಪು ಹಾಕಿದ ನೀರಿನಲ್ಲಿ ಒಂದು ಹಿಡಿ ಕಾಳು, ಬರೀ ನೀರಿನಲ್ಲಿ ಒಂದು ಹಿಡಿ, ರಾತ್ರಿಯಿಡೀ ನೆನೆಸಿ. ಬೆಳಿಗ್ಗೆ ಬೇರೆ ಬೇರೆ ಬೇಯಿಸಿ, ಬೆರಳಲ್ಲಿ ಹಿಸುಕಿ ನೋಡಿ. ಉಪ್ಪುನೀರಿನ ಕಾಳಿನ ಸಿಪ್ಪೆ ಒಡೆಯದೆ ಮೆತ್ತಗಾಗಿರುತ್ತದೆ. ನಾನು ಮಾಡಿ ನೋಡಿದ ದಿನ ಹಳೆಯ ನಂಬಿಕೆ ಬಿಟ್ಟುಕೊಟ್ಟೆ.

ಕಾಳು ಬೇಯದಿರಲು ನಿಜವಾದ ಕಾರಣ ಬೇರೆಡೆ ಇರುತ್ತದೆ. ಒಂದು, ಗಡಸು ನೀರು. ಅದರಲ್ಲಿರುವ ಕ್ಯಾಲ್ಸಿಯಂ ಇನ್ನಷ್ಟು ಗಂಟು ಹಾಕುತ್ತದೆ. ಇನ್ನೊಂದು, ಹುಳಿ. ಒಂದು ಸಲ ಹೊತ್ತಾಯಿತು ಅಂತ ಕಾಳಿನ ಜೊತೆಗೇ ಟೊಮೆಟೊ ಹಾಕಿ ಬೇಯಲು ಇಟ್ಟೆ. ಒಂದು ಗಂಟೆ ಆಯಿತು, ಒಂದೂವರೆ ಆಯಿತು. ಟೊಮೆಟೊ ಕರಗಿ ನೀರಾಯಿತು, ಕಾಳು ಹಲ್ಲಿಗೆ ಕಟುಂ ಅನ್ನುತ್ತಿತ್ತು. ಮನೆಗೆ ಬಂದವರು ಕಾದು ಕಾದು ಬೇರೇನೋ ತಿಂದರು. ಹುಳಿಯಲ್ಲಿ ಪೆಕ್ಟಿನ್ ಕರಗುವುದು ಬಹಳ ನಿಧಾನ. ಟೊಮೆಟೊ ಇರಲಿ, ನಿಂಬೆರಸ ಇರಲಿ, ಕಾಳು, ಗೆಡ್ಡೆ ಬೆಂದ ಮೇಲೇ ಹಾಕಿ. ಕೊನೆಯಲ್ಲಿ ಹಾಕು ಅನ್ನುವ ನಿಯಮ ಹುಳಿಯದ್ದು. ಅದು ಯಾಕೋ ಉಪ್ಪಿಗೂ ಅಂಟಿಕೊಂಡುಬಿಟ್ಟಿದೆ.

ಅಡುಗೆ ಸೋಡಾ ಇದಕ್ಕೆ ತದ್ವಿರುದ್ಧ. ಚಿಟಿಕೆ ಸೋಡಾ ಹಾಕಿದರೆ ಪೆಕ್ಟಿನ್ ಬೇಗ ಒಡೆಯುತ್ತದೆ, ಸೊಪ್ಪು ಹಸಿರಾಗಿ ಉಳಿಯುತ್ತದೆ. ಆದರೆ ಬಿ1 ಜೀವಸತ್ವ ಹಾಳಾಗುತ್ತದೆ, ಜಾಸ್ತಿಯಾದರೆ ಸಾಬೂನಿನ ರುಚಿ ಬರುತ್ತದೆ, ತರಕಾರಿ ಮುದ್ದೆಯಾಗುತ್ತದೆ. ನೀರು ತೀರಾ ಗಡಸಾಗಿದ್ದರೆ ಮಾತ್ರ ನಾನು ಮುಟ್ಟುತ್ತೇನೆ.

ಯಾವಾಗ ಉಪ್ಪು ಹಾಕಬೇಕು ಅಂತ ಒಬ್ಬರು ಚೀಟಿ ಕಳಿಸಿದ್ದಾರೆ. ಮೊದಲೇ ಹಾಕಿದರೆ ಗೆಡ್ಡೆಯ ಒಳಗಿನ ತನಕ ರುಚಿ ಹೋಗುತ್ತದೆ, ಬೆಂದ ಮೇಲೆ ಉದುರಿಸಿದರೆ ಮೇಲೇ ನಿಲ್ಲುತ್ತದೆ. ಆದರೆ ಸ್ಟೀಲ್ ಪಾತ್ರೆಯ ತಣ್ಣೀರಿಗೆ ಉಪ್ಪು ಹಾಕಿ ಕದಡದೆ ಬಿಡಬೇಡಿ. ಹರಳು ತಳದಲ್ಲಿ ಕೂತು ಅಲ್ಲಿ ಸ್ಟೀಲನ್ನು ಚುಚ್ಚಿದ ಹಾಗೆ ತಿನ್ನುತ್ತದೆ. ಸಣ್ಣ ಸಣ್ಣ ಚುಕ್ಕೆ ಬೀಳುತ್ತವೆ, ಉಜ್ಜಿದರೆ ಹೋಗುವುದಿಲ್ಲ. ನೀರು ಕುದಿ ಬಂದ ಮೇಲೆ ಹಾಕಿ, ಒಮ್ಮೆ ಕದಡಿ. ಈಗ ನೋಡಿದಿರಲ್ಲ, ಭುಸ್ ಅನ್ನುತ್ತದೆ. ಪಾತ್ರೆ ತುಂಬಾ ತುಂಬಿದ್ದರೆ ಸ್ವಲ್ಪ ಸ್ವಲ್ಪವೇ ಹಾಕಿ.

ಎಣ್ಣೆ ಹಾಕಿದರೆ ಉಕ್ಕುವುದಿಲ್ಲ, ಯಾಕೆ ಅಂತ ಇನ್ನೊಂದು ಪ್ರಶ್ನೆ. ಬರೀ ನೀರಿನ ಗುಳ್ಳೆ ಮೇಲೆ ಬಂದ ಕೂಡಲೇ ಒಡೆಯುತ್ತದೆ. ಅಕ್ಕಿಯ ಗಂಜಿ ಸೇರಿದರೆ ಗುಳ್ಳೆಯ ಪರೆ ಗಟ್ಟಿಯಾಗಿ, ಒಡೆಯದೆ ಒಂದರ ಮೇಲೊಂದು ಪೇರಿಸಿಕೊಂಡು ಉಕ್ಕುತ್ತದೆ. ಒಂದು ತೊಟ್ಟು ಎಣ್ಣೆ ಆ ಪರೆಯನ್ನು ಮುರಿಯುತ್ತದೆ. ಎಣ್ಣೆ ನೀರಿನಲ್ಲಿ ಕರಗುವುದಿಲ್ಲವಾದ್ದರಿಂದ ಕುದಿಯುವ ಬಿಸಿಯನ್ನು ಬದಲಿಸುವುದಿಲ್ಲ. ಮುಚ್ಚಳವನ್ನು ಓರೆ ಮಾಡಿ ಉರಿ ಇಳಿಸಿದರೂ ಅದೇ ಕೆಲಸ ಆಗುತ್ತದೆ.

ಸರಿ, ಪಾತ್ರೆಗಳ ಹತ್ತಿರ ಬರೋಣ. ಅರ್ಧ ಗಂಟೆ ಆಯಿತು. ಬಲಗಡೆಯ ಮುಚ್ಚಳ ತೆಗೆಯುತ್ತಿದ್ದೇನೆ. ಸಣ್ಣಗೆ ಮರಳುತ್ತಿದೆ. ಅಳತೆ ಜಾಡಿಗೆ ಸುರಿದರೆ ಒಂದು ಲೀಟರ್‌ಗೆ ಸ್ವಲ್ಪವೇ ಕಡಿಮೆ. ಎಡಗಡೆಯದು... ಎಲ್ಲರಿಗೂ ಕಾಣುವ ಹಾಗೆ ಎತ್ತಿ ಹಿಡಿಯುತ್ತೇನೆ. ಸುಮಾರು 400 ಮಿಲಿಲೀಟರ್. ಅರ್ಧಕ್ಕಿಂತ ಜಾಸ್ತಿ ನೀರು ಈ ಕೋಣೆಯ ಗಾಳಿಗೆ ಹೋಗಿದೆ, ಈ ಕಿಟಕಿಯ ಗಾಜು ಮಸುಕಾಗಿರುವುದು ಅದಕ್ಕೇ.

ಎರಡರಿಂದಲೂ ಒಂದೊಂದು ಚಮಚ ನೀರು ತಣ್ಣಗಾಗಲು ಇಟ್ಟಿದ್ದೇನೆ. ಯಾರಾದರೂ ಒಬ್ಬರು ಬಂದು ರುಚಿ ನೋಡುತ್ತೀರಾ? ಬಾಮ್ಮ. ಬಲಗಡೆಯದಕ್ಕೆ 10 ಗ್ರಾಂ ಉಪ್ಪು ಹಾಕಿದ್ದೆ, ಎಡಗಡೆಯದಕ್ಕೆ 6 ಗ್ರಾಂ, ನೆನಪಿರಲಿ. ಯಾವುದು ಜಾಸ್ತಿ ಉಪ್ಪು? "ಎಡಗಡೆಯದು." ಸರಿಯಾಗಿ ಹೇಳಿದೆ. ನೀರು ಹೋಯಿತು, ಉಪ್ಪು ಪೂರ್ತಿ ಅಲ್ಲೇ ಉಳಿಯಿತು. ಈಗ ಅದು ಲೀಟರ್‌ಗೆ 15 ಗ್ರಾಂ ಹಾಕಿದ ಹಾಗೆ. ಬಾಯಿ ಮುಕ್ಕಳಿಸಲು ಆ ಲೋಟದಲ್ಲಿ ಒಳ್ಳೆಯ ನೀರಿದೆ, ತಗೊಳ್ಳಮ್ಮ. ಒಲೆ ಆರಿಸುತ್ತೇನೆ.